ಪಿ53 ಪ್ರತಿಕಾಯ

ಜೀವಕೋಶದಲ್ಲಿ ಬೇರೆ ಜೀನ್‌ಗಳ ಚಟುವಟಿಕೆಯನ್ನು ಹತೋಟಿಯಲ್ಲಿಡುವ ಪಿ53 ಎಂಬ ಪ್ರೋಟೀನಿಗೆ ಅಂಟಿಕೊಂಡು, ಅದರ ಪ್ರಮಾಣ, ನೆಲೆ ಮತ್ತು ಮಡಿಕೆಯನ್ನು ತಿಳಿಸುವ ಪ್ರತಿಕಾಯಕ್ಕೆ ಪಿ53 ಪ್ರತಿಕಾಯ ಎಂದು ಹೆಸರು. ಕ್ಯಾನ್ಸರ್ ಸಂಶೋಧನೆಯಲ್ಲೂ ರೋಗನಿದಾನದಲ್ಲೂ ಇದರ ಬಳಕೆಯಿದೆ. ಈ ಹೆಸರು ಒಂದು ಗುಂಪಿಗೆ ಸಲ್ಲುತ್ತದೆ. ಡಿಒ-1, ಡಿಒ-7, ಪಿಎಬಿ421, ಪಿಎಬಿ240, ಪಿಎಬಿ1620, ಪಿಎಬಿ1801 ಮೊದಲಾದ ಹತ್ತಾರು ಪ್ರತಿಕಾಯಗಳು ಪಿ53ರ ಬೇರೆ ಬೇರೆ ಭಾಗಗಳನ್ನು ಗುರುತಿಸುತ್ತವೆ. ಇವು ರೋಗಿಗೆ ಕೊಡುವ ಔಷಧಗಳಲ್ಲ, ಸ್ಲೈಡಿನ ಮೇಲೂ ಪರೀಕ್ಷಾ ನಳಿಗೆಯಲ್ಲೂ ಬಳಸುವ ಪತ್ತೆಯ ಸಾಧನಗಳು.

ಈ ಲೇಖನದಲ್ಲಿ ಟಿಪಿ53 ಎಂದರೆ ಜೀನ್, ಪಿ53 ಎಂದರೆ ಆ ಜೀನಿನಿಂದ ತಯಾರಾಗುವ ಪ್ರೋಟೀನು. ಪ್ರತಿಕಾಯವು ಪ್ರೋಟೀನಿನ ಯಾವ ಕಿರುಭಾಗಕ್ಕೆ ಅಂಟುತ್ತದೆಯೋ ಅದು ಎಪಿಟೋಪ್. ಒಂದೇ ಮೂಲಕೋಶದ ಸಂತತಿಯಿಂದ ಬಂದ, ಒಂದೇ ಬಗೆಯ ಪ್ರತಿಕಾಯವನ್ನು ತಯಾರಿಸುವ ಕೋಶಗಳ ಸಮೂಹ ಕ್ಲೋನ್. ಡಿಎನ್‌ಎ ಬರಹದಲ್ಲಾದ ಶಾಶ್ವತ ಬದಲಾವಣೆ ಉತ್ಪರಿವರ್ತನೆ. ಅಂಥ ಬದಲಾವಣೆ ಇಲ್ಲದ್ದು ಸಹಜ ಪಿ53, ಇರುವಂಥದ್ದು ವಿಕೃತ ಪಿ53. ಪಿ53 ಪ್ರತಿಕಾಯಗಳ ನಾಲ್ಕು ದಶಕಗಳ ಬಳಕೆಯಿಂದ ಒಂದು ಸಂಗತಿ ಖಚಿತವಾಗಿದೆ: ಪ್ರತಿಕಾಯವು ಕೊಡುವ ಉತ್ತರ ಇಡೀ ಪ್ರೋಟೀನನ್ನು ಕುರಿತದ್ದಲ್ಲ. ಕೆಲವೇ ಅಮೈನೊ ಆಮ್ಲಗಳ ಒಂದು ತುಣುಕು, ಆ ಪ್ರಯೋಗದ ಸ್ಥಿತಿಯಲ್ಲಿ, ಪ್ರತಿಕಾಯದ ಕೈಗೆಟಕುವಂತಿತ್ತೇ ಎಂಬುದಕ್ಕಷ್ಟೇ ಅದು ಸಾಕ್ಷಿ. ಈ ಕ್ಷೇತ್ರದ ಸಾಧನೆಗಳೂ ತಪ್ಪುಗ್ರಹಿಕೆಗಳೂ ಬಹುಪಾಲು ಈ ಒಂದು ಮಿತಿಯಿಂದಲೇ ಅರ್ಥವಾಗುತ್ತವೆ.

ಶೋಧ ಮತ್ತು ಇತಿಹಾಸ

ಪಿ53 ಬೆಳಕಿಗೆ ಬಂದದ್ದೇ ಪ್ರತಿಕಾಯಗಳ ಮೂಲಕ. 1979ರಲ್ಲಿ ಲಂಡನ್ನಿನ ಇಂಪೀರಿಯಲ್ ಕ್ಯಾನ್ಸರ್ ರಿಸರ್ಚ್ ಫಂಡ್‌ನಲ್ಲಿ ಡೇವಿಡ್ ಲೇನ್ ಮತ್ತು ಲಯೋನೆಲ್ ಕ್ರಾಫರ್ಡ್, ಪ್ರಿನ್ಸ್‌ಟನ್ನಿನಲ್ಲಿ ಡೇನಿಯಲ್ ಲಿಂಜರ್ ಮತ್ತು ಆರ್ನಲ್ಡ್ ಲೆವಿನ್ ಎಸ್‌ವಿ40 ಎಂಬ ವೈರಸ್ಸಿನಿಂದ ಕ್ಯಾನ್ಸರ್ ಗುಣ ಪಡೆದ ಕೋಶಗಳನ್ನು ಪರೀಕ್ಷಿಸುತ್ತಿದ್ದರು. ವೈರಸ್ಸಿನ ಟಿ ಪ್ರತಿಜನಕ ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಕೋಶದ ರಸಕ್ಕೆ ಬೆರೆಸಿ ಒತ್ತರಿಸಿದಾಗ, ಟಿ ಪ್ರತಿಜನಕದ ಜೊತೆಯಲ್ಲೇ ಕೋಶದ್ದೇ ಆದ ಇನ್ನೊಂದು ಪ್ರೋಟೀನೂ ಹೊರಬಂತು. ಫ್ರಾನ್ಸಿನ ಒಂದು ತಂಡವೂ ಅದೇ ವರ್ಷ ಇದನ್ನು ವರದಿ ಮಾಡಿತು. ನ್ಯೂಯಾರ್ಕಿನಲ್ಲಿ ಲಾಯ್ಡ್ ಓಲ್ಡ್ ಅವರ ತಂಡ ವೈರಸ್ಸಿನ ಸಂಪರ್ಕವೇ ಇಲ್ಲದೆ, ರಾಸಾಯನಿಕದಿಂದ ಗೆಡ್ಡೆ ಬರಿಸಿದ ಇಲಿಗಳ ಜಾಡು ಹಿಡಿದು ಇದೇ ಪ್ರೋಟೀನನ್ನು ಮುಟ್ಟಿತು. ಜೆಲ್ ಮೇಲೆ ಇದರ ತೂಕ ಸುಮಾರು 53 ಕಿಲೊಡಾಲ್ಟನ್ ಎಂದು ಕಂಡದ್ದರಿಂದ ಪಿ53 ಎಂಬ ಹೆಸರು ನಿಂತಿತು. ಅಮೈನೊ ಆಮ್ಲಗಳ ಲೆಕ್ಕ ಹಿಡಿದರೆ ಮಾನವ ಪಿ53ರ ತೂಕ ಸುಮಾರು 44 ಕಿಲೊಡಾಲ್ಟನ್ ಮಾತ್ರ. ಪ್ರೋಲೀನ್ ಹೆಚ್ಚಾಗಿರುವ ಭಾಗದಿಂದಾಗಿ ಇದು ಜೆಲ್‌ನಲ್ಲಿ ನಿಧಾನವಾಗಿ ಸಾಗುತ್ತದೆ. ತಪ್ಪು ತೂಕವನ್ನೇ ಹೆಸರಾಗಿ ಹೊತ್ತ ಪ್ರೋಟೀನು ಇದು. 1982ರಲ್ಲಿ ಕ್ರಾಫರ್ಡ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಇದ್ದ ಕೆಲವು ಮಹಿಳೆಯರ ರಕ್ತದಲ್ಲೇ ಪಿ53ಕ್ಕೆ ಎದುರಾದ ಪ್ರತಿಕಾಯಗಳಿರುವುದನ್ನು ತೋರಿಸಿದರು.

ಶೋಧವಾದ ಮೇಲಿನ ಹತ್ತು ವರ್ಷಗಳ ಕಾಲ ಪಿ53ನ್ನು ಕ್ಯಾನ್ಸರ್ ಉಂಟುಮಾಡುವ ಪ್ರೋಟೀನೆಂದೇ ಎಣಿಸಲಾಗಿತ್ತು. ಈ ತಪ್ಪಿನ ಬೇರನ್ನು ಗಮನಿಸಬೇಕು. ಪ್ರತಿಕಾಯಗಳು ಗೆಡ್ಡೆಯ ಕೋಶಗಳಲ್ಲಿ ಪಿ53 ಹೇರಳವಾಗಿರುವುದನ್ನೂ ಆರೋಗ್ಯವಂತ ಕೋಶಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ ಇರುವುದನ್ನೂ ತೋರಿಸಿದ್ದವು. ಆ ಅಳತೆ ಸರಿಯಾಗಿಯೇ ಇತ್ತು, ಆದರೆ ಅಳೆದದ್ದು ಪ್ರಮಾಣವನ್ನು. ಓದಿದ್ದು ಮಾತ್ರ ಕಾರ್ಯವನ್ನು. ಆರಂಭದ ಪ್ರಯೋಗಗಳಲ್ಲಿ ಕೋಶಗಳಿಗೆ ಸೇರಿಸಿದ ಜೀನ್ ಪ್ರತಿಗಳೂ ವಿಕೃತವಾಗಿದ್ದುದರಿಂದ ತಪ್ಪು ಇನ್ನಷ್ಟು ಗಟ್ಟಿಯಾಯಿತು. 1989ರಲ್ಲಿ ಬರ್ಟ್ ವೋಗಲ್‌ಸ್ಟೈನ್ ಅವರ ತಂಡ ಕರುಳಿನ ಕ್ಯಾನ್ಸರಿನಲ್ಲಿ ಟಿಪಿ53 ಜೀನಿನ ಒಂದು ಪ್ರತಿ ಕಳೆದುಹೋಗಿ ಇನ್ನೊಂದು ಕೆಟ್ಟಿರುವುದನ್ನು ಕಂಡಿತು. ಸಹಜ ಪಿ53 ಕೋಶಗಳ ಕ್ಯಾನ್ಸರ್ ಗುಣವನ್ನು ತಡೆಯುತ್ತದೆ ಎಂಬುದನ್ನು ಅದೇ ವರ್ಷ ಲೆವಿನ್ ತಂಡ ತೋರಿಸಿತು. ಅಲ್ಲಿಂದಾಚೆಗೆ ಪಿ53 ಗೆಡ್ಡೆ ತಡೆಯುವ ಪ್ರೋಟೀನೆಂದು ಸ್ಥಾನ ಪಡೆಯಿತು. ಮಾನವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಗೆಡ್ಡೆಯಲ್ಲಿ ಕಾಣುವ ಪಿ53 ರಾಶಿಯ ಬಹುಪಾಲು, ಕೆಲಸ ಕಳೆದುಕೊಂಡೂ ನಾಶವಾಗದೆ ಉಳಿದ ವಿಕೃತ ಪ್ರೋಟೀನು.

ಪಿ53ರ ರಚನೆ

ಟಿಪಿ53 ಜೀನ್ ಮಾನವನ 17ನೆಯ ಕ್ರೋಮೊಸೋಮಿನ ಕಿರುತೋಳಿನಲ್ಲಿದೆ. ಅದರಿಂದಾಗುವ ಪೂರ್ಣ ಪ್ರೋಟೀನಿನಲ್ಲಿ 393 ಅಮೈನೊ ಆಮ್ಲಗಳಿವೆ. ಆರಂಭದ ಸುಮಾರು 60 ಆಮ್ಲಗಳು ಜೀನ್‌ಗಳನ್ನು ಚಾಲೂ ಮಾಡುವ ಭಾಗ. ಎಂಡಿಎಂ2 ಎಂಬ ಪ್ರೋಟೀನು ಪಿ53ನ್ನು ಹಿಡಿದು ನಾಶಕ್ಕೆ ಕಳಿಸುವುದೂ ಇಲ್ಲಿಂದಲೇ. 19ನೆಯ, 23ನೆಯ ಮತ್ತು 26ನೆಯ ಆಮ್ಲಗಳು ಅದರ ಹಿಡಿಗಳು. ಅನಂತರ ಪ್ರೋಲೀನ್ ತುಂಬಿದ ಸಣ್ಣ ಭಾಗ, ಅದರಾಚೆ ಸುಮಾರು 94ರಿಂದ 292ರವರೆಗೆ ಡಿಎನ್‌ಎ ಹಿಡಿಯುವ ಮಧ್ಯಭಾಗ. ಒಂದು ಸತುವಿನ ಅಯಾನು ಈ ಮಧ್ಯಭಾಗದ ಮಡಿಕೆಯನ್ನು ಸ್ಥಿರವಾಗಿಡುತ್ತದೆ. 325ರಿಂದ 356ರವರೆಗಿನ ಭಾಗದ ಮೂಲಕ ನಾಲ್ಕು ಪಿ53 ಅಣುಗಳು ಒಂದುಗೂಡುತ್ತವೆ. ಕೊನೆಯ ಸುಮಾರು 30 ಆಮ್ಲಗಳು ನಿಯಂತ್ರಣದ ಬಾಲ. ಹೀಗೆ ನಾಲ್ಕಾಗಿ ಕೂಡಿದ ಪಿ53, ಹತ್ತು ಹತ್ತು ಬೇಸ್‌ಗಳ ಎರಡು ನಿರ್ದಿಷ್ಟ ಸಾಲುಗಳಿರುವ ಡಿಎನ್‌ಎ ತಾಣಗಳಲ್ಲಿ ಕೂತು ಪಿ21, ಬ್ಯಾಕ್ಸ್, ಪ್ಯೂಮಾ ಮುಂತಾದ ಪ್ರೋಟೀನುಗಳ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಪಿ21 ಕೋಶ ವಿಭಜನೆಗೆ ತಡೆ ಹಾಕುತ್ತದೆ. ಬ್ಯಾಕ್ಸ್ ಮತ್ತು ಪ್ಯೂಮಾ ಕೋಶವನ್ನು ಸಾವಿನತ್ತ ದೂಡುತ್ತವೆ. ಎಂಡಿಎಂ2 ಜೀನನ್ನೂ ಪಿ53 ತಾನೇ ಚುರುಕುಗೊಳಿಸುತ್ತದೆ. ಅಂದರೆ ತನ್ನ ನಾಶಕನನ್ನು ತಾನೇ ಹುಟ್ಟಿಸುತ್ತದೆ. ಆದ್ದರಿಂದಲೇ ನೆಮ್ಮದಿಯಲ್ಲಿರುವ ಕೋಶದಲ್ಲಿ ಪಿ53ರ ಅರ್ಧಾಯುಷ್ಯ ಹತ್ತಾರು ನಿಮಿಷಗಳಷ್ಟೇ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಎಟಿಎಂ ಮೊದಲಾದ ಕಿಣ್ವಗಳು 15ನೆಯ ಮತ್ತು 20ನೆಯ ಸೆರೀನ್‌ಗಳಿಗೆ ಫಾಸ್ಫೇಟ್ ಸೇರುವಂತೆ ಮಾಡುತ್ತವೆ. ಆಗ ಎಂಡಿಎಂ2ರ ಹಿಡಿತ ಸಡಿಲವಾಗಿ ಪಿ53ರ ಪ್ರಮಾಣ ಏರುತ್ತದೆ.

ಕ್ಯಾನ್ಸರಿನಲ್ಲಿ ಕಾಣುವ ಉತ್ಪರಿವರ್ತನೆಗಳ ಹೆಚ್ಚಿನ ಪಾಲು ಮಧ್ಯಭಾಗದಲ್ಲಿ ಒಂದು ಅಮೈನೊ ಆಮ್ಲ ಬದಲಾಗುವ ಬಗೆಯವು. 175, 245, 248, 249, 273 ಮತ್ತು 282ನೆಯ ಸ್ಥಾನಗಳು ಇದಕ್ಕೆ ಕುಖ್ಯಾತ. 1994ರಲ್ಲಿ ನಿಕೋಲಾ ಪಾವ್ಲೆಟಿಚ್ ಅವರ ತಂಡ ಡಿಎನ್‌ಎ ಸಮೇತ ಮಧ್ಯಭಾಗದ ಸ್ಫಟಿಕ ರಚನೆಯನ್ನು ಬಿಡಿಸಿದಾಗ ಇವು ಎರಡು ತೆರನಾಗಿ ಕಂಡವು. 248 ಮತ್ತು 273ರ ಆಮ್ಲಗಳು ನೇರವಾಗಿ ಡಿಎನ್‌ಎಯನ್ನು ಮುಟ್ಟುವಂಥವು. ಅವು ಬದಲಾದರೆ ಹಿಡಿತ ತಪ್ಪುತ್ತದೆ, ಮಡಿಕೆ ಬಹುಮಟ್ಟಿಗೆ ಉಳಿಯುತ್ತದೆ. 175ರ ಆರ್ಜಿನೀನ್ ಹಿಸ್ಟಿಡೀನ್ ಆದರೆ ಸತುವಿನ ಹಿಡಿತ ಕೆಟ್ಟು ಮಡಿಕೆಯೇ ಬಿಚ್ಚಿಕೊಳ್ಳುತ್ತದೆ. ಪ್ರತಿಕಾಯಗಳು ಈ ಎರಡನೆಯ ಬಗೆಯನ್ನು ಮೊದಲನೆಯದರಿಂದ ಬೇರ್ಪಡಿಸಬಲ್ಲವು. ಆದರೆ ಎಲ್ಲ ಪ್ರತಿಕಾಯಗಳಲ್ಲ, ಎಲ್ಲ ಪ್ರಯೋಗಗಳಲ್ಲೂ ಅಲ್ಲ.

ಪ್ರತಿಕಾಯದ ರಚನೆ ಮತ್ತು ತಯಾರಿ

ಪ್ರಯೋಗಾಲಯದ ಪಿ53 ಪ್ರತಿಕಾಯಗಳು ಸಾಮಾನ್ಯವಾಗಿ ಐಜಿಜಿ ವರ್ಗಕ್ಕೆ ಸೇರಿದವು. ಎರಡು ಭಾರಸರಪಳಿ, ಎರಡು ಲಘುಸರಪಳಿಗಳು ಕೂಡಿ ವೈ ಆಕಾರದ, ಸುಮಾರು 150 ಕಿಲೊಡಾಲ್ಟನ್ ತೂಕದ ಅಣುವಾಗುತ್ತವೆ. ಎರಡು ತೋಳುಗಳ ತುದಿಯಲ್ಲಿರುವ ಬದಲಾಗುವ ಭಾಗಗಳೇ ಎಪಿಟೋಪನ್ನು ಹಿಡಿಯುತ್ತವೆ. ಪಿ53 ಪ್ರೋಟೀನನ್ನಾಗಲಿ ಅದರ ತುಣುಕನ್ನಾಗಲಿ ಪ್ರಾಣಿಗೆ ಚುಚ್ಚಿ ಅದರ ರಕ್ತದ ಸೀರಮ್ಮಿನಿಂದ ತೆಗೆದದ್ದು ಬಹುಕ್ಲೋನ್ ಪ್ರತಿಕಾಯ. ಮೊಲದಿಂದ ತಯಾರಿಸಿದ ಸಿಎಂ1 ಇದಕ್ಕೆ ಉದಾಹರಣೆ. ಇದರಲ್ಲಿ ಹಲವು ಎಪಿಟೋಪ್‌ಗಳನ್ನು ಹಿಡಿಯುವ ಅಣುಗಳು ಬೆರೆತಿರುತ್ತವೆ. ಆ ಪ್ರಾಣಿ ಸತ್ತರೆ ಅದೇ ಮಿಶ್ರಣ ಮತ್ತೆ ಸಿಗದು. ಏಕಕ್ಲೋನ್ ಪ್ರತಿಕಾಯದ ದಾರಿಯನ್ನು ತೆರೆದವರು 1975ರಲ್ಲಿ ಕೇಂಬ್ರಿಜ್‌ನ ಗಿಯೋರ್ಗ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್. ಇಲಿಯ ಗುಲ್ಮದ ಪ್ರತಿಕಾಯ ತಯಾರಿಸುವ ಕೋಶವನ್ನು ಮೈಲೋಮ ಎಂಬ ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಸಾಯದೆ ವಿಭಜಿಸುತ್ತಲೇ ಒಂದೇ ಪ್ರತಿಕಾಯ ಸುರಿಸುವ ಹೈಬ್ರಿಡೋಮವನ್ನು ಅವರು ಪಡೆದರು. 1984ರ ನೊಬೆಲ್ ಬಹುಮಾನವನ್ನು ನೀಲ್ಸ್ ಯರ್ನೆ ಅವರೊಂದಿಗೆ ಇವರು ಹಂಚಿಕೊಂಡರು. ಕ್ಯಾನ್ಸರ್ ಕೋಶದ ಅಮರತ್ವವೇ ಕ್ಯಾನ್ಸರನ್ನು ಓದುವ ಸಾಧನವಾಯಿತು. ಮೂರನೆಯ ಬಗೆ ಪುನಸ್ಸಂಯೋಜಿತ ಪ್ರತಿಕಾಯ. ಇದರಲ್ಲಿ ಪ್ರತಿಕಾಯದ ಜೀನ್ ಬರಹವನ್ನೇ ಓದಿ, ಬೇರೆ ಕೋಶಗಳಲ್ಲಿ ಅದನ್ನು ತಯಾರಿಸಲಾಗುತ್ತದೆ. ಬರಹ ಕೈಯಲ್ಲಿರುವವರೆಗೆ ವಸ್ತು ಬದಲಾಗುವುದಿಲ್ಲ.

ಪ್ರಮುಖ ಕ್ಲೋನ್‌ಗಳು

ಸಂಶೋಧನೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಡಿಒ-1 ಮತ್ತು ರೋಗನಿದಾನದಲ್ಲಿ ಹೆಸರಾದ ಡಿಒ-7, ಎರಡೂ ಬೊರಿವೊಯ್ ವೊಯ್ತೆಶೆಕ್, ಲೇನ್ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದ ಇಲಿ ಪ್ರತಿಕಾಯಗಳು. ಎರಡರ ಎಪಿಟೋಪೂ ಪ್ರೋಟೀನಿನ ಆರಂಭದಲ್ಲಿ, 20ರಿಂದ 25ರ ಆಸುಪಾಸಿನಲ್ಲಿದೆ. ಈ ತುಣುಕು ಮಡಿಕೆಯಿಲ್ಲದೆ ಸಡಿಲವಾಗಿರುವುದರಿಂದ ಪ್ರೋಟೀನು ಸಹಜ ಸ್ಥಿತಿಯಲ್ಲಿರಲಿ, ಕುದಿಸಿ ಬಿಚ್ಚಿದ್ದಿರಲಿ, ಫಾರ್ಮಲಿನ್‌ನಲ್ಲಿ ನೆನೆದದ್ದಿರಲಿ, ಪ್ರತಿಕಾಯ ಅಂಟುತ್ತದೆ. ಇವುಗಳ ಜನಪ್ರಿಯತೆಗೆ ಇದೇ ಕಾರಣ. ಮಿತಿಗಳೂ ಇದೇ ಸ್ಥಾನದಿಂದ ಹುಟ್ಟುತ್ತವೆ. ಮಾನವ ಪಿ53ರಲ್ಲಿ 21ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲವಿದ್ದರೆ ಇಲಿಯ ಪಿ53ರ ಅದೇ ಜಾಗದಲ್ಲಿ ಗ್ಲೈಸೀನ್ ಇದೆ. ಈ ಒಂದೇ ವ್ಯತ್ಯಾಸಕ್ಕೆ ಡಿಒ-1 ಇಲಿಯ ಪಿ53ನ್ನು ಗುರುತಿಸುವುದಿಲ್ಲ. ಇಲಿಗೆ ಮಾನವ ಗೆಡ್ಡೆಯನ್ನು ಕಸಿ ಮಾಡಿದ ಪ್ರಯೋಗಗಳಲ್ಲಿ ಇದು ಅನುಕೂಲವೇ. 20ನೆಯ ಸೆರೀನಿಗೆ ಫಾಸ್ಫೇಟ್ ಸೇರಿದರೆ ಡಿಒ-1ರ ಹಿಡಿತ ತಪ್ಪುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದ ಕೋಶದಲ್ಲಿ, ಅಂದರೆ ಪಿ53 ಅತ್ಯಂತ ಚುರುಕಾಗಿರುವ ಗಳಿಗೆಯಲ್ಲೇ, ಅದರ ಒಂದು ಪಾಲು ಈ ಪ್ರತಿಕಾಯದ ಕಣ್ಣಿಗೆ ಬೀಳದೆ ಹೋಗಬಹುದು. ಎಪಿಟೋಪ್ ಎಂಡಿಎಂ2ರ ಹಿಡಿಯ ಮೇಲೆಯೇ ಇರುವುದರಿಂದ, ಪಿ53 ಮತ್ತು ಎಂಡಿಎಂ2 ಜೋಡಿಯನ್ನು ಒಟ್ಟಿಗೆ ಹಿಡಿಯಬೇಕಾದಾಗ ಡಿಒ-1 ಒಳ್ಳೆಯ ಆಯ್ಕೆಯಲ್ಲ.

2005ರಲ್ಲಿ ಜೀನ್-ಕ್ರಿಸ್ತೋಫ್ ಬೂರ್ಡಾನ್ ಮತ್ತು ಸಂಗಡಿಗರು ಒಂದೇ ಟಿಪಿ53 ಜೀನಿನಿಂದ ಹಲವು ಪಿ53 ಪ್ರಭೇದಗಳು ಹುಟ್ಟುವುದನ್ನು ವಿವರಿಸಿದ ಮೇಲೆ ಆರಂಭಭಾಗದ ಪ್ರತಿಕಾಯಗಳ ಕುರುಡುತಾಣ ಇನ್ನಷ್ಟು ಸ್ಪಷ್ಟವಾಯಿತು. ಡೆಲ್ಟಾ40 ಪ್ರಭೇದದಲ್ಲಿ ಮೊದಲ 39 ಆಮ್ಲಗಳಿಲ್ಲ, ಡೆಲ್ಟಾ133ರಲ್ಲಿ ಮೊದಲ 132 ಇಲ್ಲ. ಎರಡನ್ನೂ ಡಿಒ-1 ಕಾಣದು. ಸುಮಾರು 46ರಿಂದ 55ರವರೆಗಿನ ತುಣುಕನ್ನು ಹಿಡಿಯುವ ಪಿಎಬಿ1801, ಡೆಲ್ಟಾ40ನ್ನು ಕಾಣುತ್ತದೆ, ಡೆಲ್ಟಾ133ನ್ನು ಕಾಣದು. ಎಡ್ ಹಾರ್ಲೊ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದ ಪಿಎಬಿ421ರ ಎಪಿಟೋಪ್ ಬಾಲದಲ್ಲಿ, 371ರಿಂದ 380ರ ನಡುವೆ ಇದೆ. ಅದು ಇಲಿ, ಮಾನವ ಎರಡರ ಪಿ53ನ್ನೂ ಗುರುತಿಸುತ್ತದೆ, ಆದರೆ ಬಾಲದ ಆಮ್ಲಗಳಿಗೆ ರಾಸಾಯನಿಕ ಗುಂಪುಗಳು ಸೇರಿದಾಗ ಹಿಡಿತ ಕಳೆದುಕೊಳ್ಳಬಹುದು. ಇದರ ಇನ್ನೊಂದು ಗುಣ ಗಮನಾರ್ಹ. 1992ರಲ್ಲಿ ಟೆಡ್ ಹಪ್, ಲೇನ್ ಮತ್ತು ಸಂಗಡಿಗರು ತೋರಿಸಿದಂತೆ, ಪಿಎಬಿ421 ಅಂಟಿದ ಪಿ53 ಪರೀಕ್ಷಾ ನಳಿಗೆಯಲ್ಲಿ ನಿರ್ದಿಷ್ಟ ಡಿಎನ್‌ಎ ಸಾಲುಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ನೋಡಲು ಬಳಸಿದ ಸಾಧನವೇ ನೋಡಬೇಕಾದ ಪ್ರೋಟೀನಿನ ನಡವಳಿಕೆಯನ್ನು ಬದಲಿಸಿತು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಮಡಿಕೆಯನ್ನು ಓದುವ ಪ್ರತಿಕಾಯಗಳಲ್ಲಿ ಪಿಎಬಿ1620 ಮತ್ತು ಪಿಎಬಿ240 ಒಂದು ಜೋಡಿ. ಮೊದಲನೆಯದು ಸರಿಯಾಗಿ ಮಡಚಿಕೊಂಡ ಮಧ್ಯಭಾಗದಲ್ಲಿ, ಸರಪಳಿಯ ದೂರದ ತುಣುಕುಗಳು ಹತ್ತಿರ ಬಂದಾಗ ಮಾತ್ರ ರೂಪುಗೊಳ್ಳುವ ಎಪಿಟೋಪನ್ನು ಹಿಡಿಯುತ್ತದೆ. 1990ರಲ್ಲಿ ವರದಿಯಾದ ಎರಡನೆಯದು 213ರಿಂದ 217ರವರೆಗಿನ ಆಮ್ಲಗಳನ್ನು ಹಿಡಿಯುತ್ತದೆ. ಸರಿಯಾದ ಮಡಿಕೆಯಲ್ಲಿ ಇವು ಒಳಗೆ ಹುದುಗಿರುತ್ತವೆ, ಮಡಿಕೆ ಬಿಚ್ಚಿದಾಗ ಹೊರಗೆ ಬರುತ್ತವೆ. ಪಿಎಬಿ240 ವಿಕೃತ ಪಿ53ಕ್ಕೆ ಮಾತ್ರ ಅಂಟುವ ಪ್ರತಿಕಾಯ ಎಂಬ ಮಾತು ಪ್ರಚಾರಕ್ಕೆ ಬಂದದ್ದು ಹೀಗೆ. ಆ ಮಾತು ಅರ್ಧ ಮಾತ್ರ ನಿಜ. ಪ್ರೋಟೀನನ್ನು ಕುದಿಸಿ ಬಿಚ್ಚುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಪಿಎಬಿ240 ಸಹಜ ಪಿ53ನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. 273ನೆಯ ಸ್ಥಾನದಲ್ಲಿ ಕೆಟ್ಟ ಪಿ53 ನಿಸ್ಸಂದೇಹವಾಗಿ ವಿಕೃತ, ಆದರೂ ಮಡಿಕೆ ಉಳಿದಿರುವುದರಿಂದ ಪಿಎಬಿ1620ಕ್ಕೆ ಅದು ಸಹಜದಂತೆಯೇ ಕಾಣುತ್ತದೆ. ಸಹಜ ಪಿ53ರ ಮಧ್ಯಭಾಗವೂ ದೇಹದ ಬಿಸಿಗಿಂತ ಕೆಲವೇ ಡಿಗ್ರಿ ಹೆಚ್ಚಿನ ತಾಪದಲ್ಲಿ ಬಿಚ್ಚಿಕೊಳ್ಳುವಷ್ಟು ನಾಜೂಕಾದದ್ದು. ಮಾದರಿಯನ್ನು ಅಜಾಗರೂಕತೆಯಿಂದ ಬಿಸಿಯಲ್ಲಿಟ್ಟರೆ ಇಲ್ಲದ ವಿಕೃತಿ ಕಂಡೀತು. ಈ ಜೋಡಿ ಓದುವುದು ಮಡಿಕೆಯನ್ನು, ಜೀನಿನ ಬರಹವನ್ನಲ್ಲ.

ಪ್ರಯೋಗಾಲಯದ ಬಳಕೆ

ವೆಸ್ಟರ್ನ್ ಬ್ಲಾಟ್‌ನಲ್ಲಿ ಕೋಶರಸದ ಪ್ರೋಟೀನುಗಳನ್ನು ಜೆಲ್ ಮೇಲೆ ತೂಕದಂತೆ ಬೇರ್ಪಡಿಸಿ, ಪೊರೆಗೆ ಇಳಿಸಿ, ಪಿ53 ಇರುವ ಪಟ್ಟಿಯನ್ನು ಪ್ರತಿಕಾಯದಿಂದ ಗುರುತಿಸುತ್ತಾರೆ. ಒತ್ತರಿಸುವ ಪ್ರಯೋಗದಲ್ಲಿ ಪ್ರತಿಕಾಯವನ್ನು ಮಣಿಗಳಿಗೆ ಕಟ್ಟಿ ಪಿ53ನ್ನೂ ಅದಕ್ಕೆ ಅಂಟಿದ ಜೊತೆಗಾರ ಪ್ರೋಟೀನುಗಳನ್ನೂ ಹೊರತೆಗೆಯುತ್ತಾರೆ. ಇಲ್ಲಿ ಲ್ಯಾಬಿನವರಿಗೆ ಚೆನ್ನಾಗಿ ಪರಿಚಯವಿರುವ ತೊಡಕೊಂದಿದೆ. ಪ್ರತಿಕಾಯದ ಭಾರಸರಪಳಿಯ ತೂಕ ಸುಮಾರು 50 ಕಿಲೊಡಾಲ್ಟನ್, ಹಾಗಾಗಿ ಅದರ ಪಟ್ಟಿ ಪಿ53ರ ಪಟ್ಟಿಯ ಮೇಲೆಯೇ ಬಂದು ಕೂರುತ್ತದೆ. ಇಲಿಯ ಡಿಒ-1ರಿಂದ ಒತ್ತರಿಸಿ ಮೊಲದ ಪ್ರತಿಕಾಯದಿಂದ ಓದುವುದು ಇದರ ಪರಿಹಾರ. ಕ್ರೊಮ್ಯಾಟಿನ್ ಒತ್ತರಿಕೆ, ಅಂದರೆ ಚಿಪ್ ವಿಧಾನ, ಜೀನ್ ನಿಯಂತ್ರಣದ ಅಧ್ಯಯನಕ್ಕೆ ಅತಿ ಮುಖ್ಯ. ಪಿ53 ಕೂತಿರುವ ಡಿಎನ್‌ಎಯನ್ನು ಫಾರ್ಮಾಲ್ಡಿಹೈಡ್‌ನಿಂದ ಅಲ್ಲೇ ಬಿಗಿದು, ತುಂಡರಿಸಿ, ಪ್ರತಿಕಾಯದಿಂದ ಎತ್ತಿ, ಅಂಟಿಬಂದ ತುಂಡುಗಳ ಬರಹವನ್ನು ಓದುತ್ತಾರೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಕರುಳಿನ ಕ್ಯಾನ್ಸರಿನ ಎಚ್‌ಸಿಟಿ116 ಕೋಶಗಳಿಗೆ 5-ಫ್ಲೋರೊಯುರಾಸಿಲ್ ಕೊಟ್ಟು ಈ ದಾರಿಯಲ್ಲೇ ಇಡೀ ಜೀನೋಮಿನ ಪಿ53 ನಕ್ಷೆಯನ್ನು ತಯಾರಿಸಿತು. 15ನೆಯ ಸೆರೀನಿಗೆ ಫಾಸ್ಫೇಟ್ ಸೇರಿದಾಗ ಮಾತ್ರ ಅಂಟುವ ಪ್ರತಿಕಾಯಗಳು ಡಿಎನ್‌ಎ ಪೆಟ್ಟಿನ ಸೂಚಕಗಳಾಗಿ ಬಳಕೆಯಲ್ಲಿವೆ.

ರೋಗನಿದಾನದಲ್ಲಿ

ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಅಂಗಾಂಶದ ತೆಳುಪದರಕ್ಕೆ ಪ್ರತಿಕಾಯ ಹಾಕಿ ಕಂದು ಬಣ್ಣ ಬರಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ (ಐಎಚ್‌ಸಿ) ವಿಧಾನದಲ್ಲಿ ಡಿಒ-7 ಬಹಳ ಕಡೆ ಬಳಕೆಯಲ್ಲಿದೆ. 1990ರ ದಶಕದ ಅಧ್ಯಯನಗಳು ಬಣ್ಣ ಬಂದ ಕೋಶಗಳು ಶೇಕಡ ಇಷ್ಟಕ್ಕಿಂತ ಹೆಚ್ಚಿದ್ದರೆ ‘ಪಾಸಿಟಿವ್’ ಎಂದು ತಮಗೆ ತೋಚಿದ ಗೆರೆ ಎಳೆದವು. ಒಬ್ಬರ ಗೆರೆ ಇನ್ನೊಬ್ಬರದಾಗಿರಲಿಲ್ಲ. ಫಲಿತಾಂಶಗಳು ಒಂದಕ್ಕೊಂದು ಹೊಂದದೆ ಪಿ53 ಬಣ್ಣಕ್ಕೆ ಕೆಟ್ಟ ಹೆಸರು ಬಂದದ್ದು ಸಹಜವೇ. ದೋಷ ಪ್ರತಿಕಾಯದ್ದಲ್ಲ, ಕೇಳಿದ ಪ್ರಶ್ನೆಯದು. ಸಹಜ ಪಿ53 ಇರುವ ಕೋಶಗಳಲ್ಲೂ ವಿಭಜನೆಯ ವೇಗಕ್ಕೆ ತಕ್ಕಂತೆ ಅಲ್ಲಲ್ಲಿ, ಏರುಪೇರಾಗಿ ಬಣ್ಣ ಕಾಣುತ್ತದೆ. ಇನ್ನೊಂದು ತುದಿಯಲ್ಲಿ, ಉತ್ಪರಿವರ್ತನೆಯಿಂದ ಪ್ರೋಟೀನಿನ ತಯಾರಿಯೇ ನಡುವೆ ಕಡಿದುಹೋದರೆ ಬಣ್ಣ ಪೂರ್ತಿ ಇಲ್ಲವಾಗುತ್ತದೆ. ಹಳೆಯ ಲೆಕ್ಕದಲ್ಲಿ ಇದು ‘ನೆಗೆಟಿವ್’, ಅಂದರೆ ಆರೋಗ್ಯಕರ. ನಿಜದಲ್ಲಿ ಇದು ಅತ್ಯಂತ ಕೆಟ್ಟ ಸ್ಥಿತಿಗಳಲ್ಲೊಂದು.

ಈಗ ವಿನ್ಯಾಸವನ್ನು ಓದುವ ಕ್ರಮ ನೆಲೆಗೊಂಡಿದೆ. ಅಲ್ಲಲ್ಲಿ ಏರುಪೇರಾದ ಬಣ್ಣ ಸಹಜ ವಿನ್ಯಾಸ. ಗೆಡ್ಡೆಯ ಬಹುತೇಕ ಎಲ್ಲ ಕೋಶಕೇಂದ್ರಗಳಲ್ಲೂ ಗಾಢ ಬಣ್ಣವಿದ್ದರೆ ಅದು ಅತಿಸಂಚಯ. ಗೆಡ್ಡೆಯಲ್ಲಿ ಬಣ್ಣವೇ ಇಲ್ಲದೆ ಪಕ್ಕದ ಸಾಮಾನ್ಯ ಕೋಶಗಳಲ್ಲಿ ಮಾತ್ರ ಇದ್ದರೆ ಪೂರ್ಣ ಅಭಾವ. ಕೋಶಕೇಂದ್ರಕ್ಕೆ ಹೋಗುವ ಸೂಚನೆಯ ಭಾಗ ಕೆಟ್ಟಾಗ ಬಣ್ಣ ಕೋಶರಸದಲ್ಲಿ ಹರಡುತ್ತದೆ. ಪೂರ್ಣ ಅಭಾವವನ್ನು ಹೇಳಲು ಪಕ್ಕದ ಸಾಮಾನ್ಯ ಕೋಶಗಳ ಬಣ್ಣ ಕಡ್ಡಾಯ; ಅದಿಲ್ಲದಿದ್ದರೆ ಪ್ರೋಟೀನು ಇಲ್ಲವೋ ಪ್ರಯೋಗವೇ ಕೆಟ್ಟಿದೆಯೋ ತಿಳಿಯದು. ಅಂಡಾಶಯದ ಉಚ್ಚಶ್ರೇಣಿಯ ಸೀರಸ್ ಕ್ಯಾನ್ಸರಿನ ಶೇಕಡ 96ರಲ್ಲಿ ಟಿಪಿ53 ಕೆಟ್ಟಿರುವುದನ್ನು 2011ರ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತೋರಿಸಿತು. ಆದ್ದರಿಂದ ಆ ರೋಗದ ನಿದಾನಕ್ಕೆ ಈ ವಿನ್ಯಾಸ ದೊಡ್ಡ ಆಧಾರ. ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ ಅಸಹಜ ಪಿ53 ಒಂದು ಪ್ರತ್ಯೇಕ ಅಣುವರ್ಗ. ಸ್ತ್ರೀರೋಗ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಗೊದ 2023ರ ಹಂತನಿರ್ಣಯದಲ್ಲಿ ಇದಕ್ಕೆ ಸ್ಥಾನ ಸಿಕ್ಕಿದ್ದು, ಗರ್ಭಕೋಶದ ಸ್ನಾಯುವಿಗೆ ಹಬ್ಬಿದ, ಅಲ್ಲಿಗೇ ಸೀಮಿತವಾದ ರೋಗವನ್ನೂ ಅಸಹಜ ಪಿ53 ಎರಡನೆಯ ಹಂತಕ್ಕೆ ಏರಿಸುತ್ತದೆ.

ಜೀನನ್ನೇ ನೇರವಾಗಿ ಓದಬಹುದಾದ ಇಂದಿನ ಕಾಲದಲ್ಲಿ ಬಣ್ಣದ ವಿನ್ಯಾಸಗಳ ಹಂಗೇಕೆ ಎಂಬ ಆಕ್ಷೇಪ ಬಲವಾದದ್ದು. ಅಮೈನೊ ಆಮ್ಲ ಯಾವುದು ಬದಲಾಗಿದೆ ಎಂದು ಡಿಒ-7 ಎಂದೂ ಹೇಳಲಾರದು, ಕೆಲವು ಉತ್ಪರಿವರ್ತನೆಗಳು ಸಹಜ ವಿನ್ಯಾಸದ ಮರೆಯಲ್ಲೇ ಉಳಿಯುತ್ತವೆ. ಆದರೆ ಜೀನಿನ ಓದಿಗೂ ಕುರುಡುತಾಣಗಳಿವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾನವ ಪ್ಯಾಪಿಲೋಮ ವೈರಸ್ಸಿನ ಇ6 ಪ್ರೋಟೀನು ಪಿ53ನ್ನು ನಾಶಮಾಡುತ್ತದೆ. ಕೊಬ್ಬಿನ ಅಂಗಾಂಶದ ಕೆಲವು ಸಾರ್ಕೋಮಗಳಲ್ಲಿ ಎಂಡಿಎಂ2 ಜೀನಿನ ಪ್ರತಿಗಳು ಹೆಚ್ಚಿ ಪಿ53ನ್ನು ಅದುಮಿಡುತ್ತವೆ. ಎರಡರಲ್ಲೂ ಟಿಪಿ53 ಬರಹ ಸಾಮಾನ್ಯವಾಗಿ ಅಚ್ಚುಕಟ್ಟಾಗಿಯೇ ಇರುತ್ತದೆ. ಗೆಡ್ಡೆಯ ಯಾವ ಮೂಲೆಯ ಕೋಶಗಳಲ್ಲಿ ವಿಕೃತಿ ಇದೆ ಎಂಬುದನ್ನು, ಇಡೀ ತುಂಡನ್ನು ಅರೆದು ತೆಗೆದ ಡಿಎನ್‌ಎ ಹೇಳದು, ಸ್ಲೈಡ್ ಹೇಳುತ್ತದೆ. ಪಿ53 ಜೀನೋಮಿನಲ್ಲಿ ಎಲ್ಲೆಲ್ಲಿ ಕೂತಿದೆ ಎಂಬುದನ್ನು ತಿಳಿಯಲು ಚಿಪ್‌ಗೆ ಪ್ರತಿಕಾಯವೇ ಬೇಕು. ಖರ್ಚಿನಲ್ಲೂ ಸಮಯದಲ್ಲೂ ಸ್ಲೈಡಿನ ಪರೀಕ್ಷೆ ಸಾಧಾರಣ ಆಸ್ಪತ್ರೆಗೂ ಎಟಕುವಂಥದ್ದು. ಎರಡು ಪರೀಕ್ಷೆಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ.

ವಿಶ್ವಾಸಾರ್ಹತೆಯ ಪರೀಕ್ಷೆ

ಪ್ರತಿಕಾಯಗಳ ವಿಶ್ವಾಸಾರ್ಹತೆ ಪಿ53ಕ್ಕೆ ಸೀಮಿತವಾದ ಚಿಂತೆಯಲ್ಲ. ಇನ್ನೊಂದು ಜೀನ್ ನಿಯಂತ್ರಕವಾದ ಈಸ್ಟ್ರೊಜೆನ್ ಗ್ರಾಹಕ ಬೀಟಾದ ಕತೆ ಎಚ್ಚರಿಕೆಯಾಗಿ ನಿಂತಿದೆ. ಸ್ವೀಡನ್ನಿನ ಸಂಶೋಧಕರು 2017ರಲ್ಲಿ ಅದರ 13 ಪ್ರತಿಕಾಯಗಳನ್ನು ಪರೀಕ್ಷಿಸಿದಾಗ ಒಂದು ಮಾತ್ರ ನಂಬಲರ್ಹವೆಂದು ಕಂಡಿತು. ಅದನ್ನು ಬಳಸಿ ನೋಡಿದರೆ, ಸ್ತನದ ಅಂಗಾಂಶದಲ್ಲಿ ಇದೆಯೆಂದು ಅದುವರೆಗೆ ಬರೆಯಲಾಗಿದ್ದ ಪ್ರೋಟೀನು ಅಲ್ಲಿ ಸಿಗಲೇ ಇಲ್ಲ. 2023ರಲ್ಲಿ ವೈಕಾರೋಸ್ ಎಂಬ ಸಹಯೋಗ 65 ಪ್ರೋಟೀನುಗಳಿಗಾಗಿ ಮಾರುಕಟ್ಟೆಯಲ್ಲಿರುವ 614 ಪ್ರತಿಕಾಯಗಳ ಪರೀಕ್ಷೆಯನ್ನು ಪ್ರಕಟಿಸಿತು. ಗುರಿ ತಪ್ಪುವ ಪ್ರತಿಕಾಯಗಳು ಪ್ರಕಟಿತ ಲೇಖನಗಳಲ್ಲಿ ಧಾರಾಳವಾಗಿ ಬಳಕೆಯಾಗಿರುವುದು ಅದರಿಂದ ಹೊರಬಂತು, ಸರಾಸರಿಯಲ್ಲಿ ಪುನಸ್ಸಂಯೋಜಿತ ಪ್ರತಿಕಾಯಗಳೇ ಮೇಲೆಂದೂ ತಿಳಿಯಿತು. ಇದಕ್ಕೂ ಮೊದಲು, 2016ರಲ್ಲಿ, ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಪ್ರತಿಕಾಯವನ್ನು ಒರೆಗೆ ಹಚ್ಚುವ ಐದು ದಾರಿಗಳನ್ನು ಸೂಚಿಸಿತ್ತು. ಗುರಿಯ ಜೀನನ್ನೇ ತೆಗೆದ ಕೋಶದಲ್ಲಿ ನೋಡುವುದು ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಿನದು.

ಈ ವಿಷಯದಲ್ಲಿ ಪಿ53 ಅದೃಷ್ಟಶಾಲಿ. ಎಚ್1299 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶಗಳಲ್ಲೂ ಸಾವೊಸ್-2 ಎಂಬ ಮೂಳೆ ಕ್ಯಾನ್ಸರ್ ಕೋಶಗಳಲ್ಲೂ ಪಿ53 ಇಲ್ಲ. ಎಂಸಿಎಫ್-7, ಎ549 ಕೋಶಗಳಲ್ಲಿ ಸಹಜ ಪಿ53 ಇದೆ, ಎಸ್‌ಕೆ-ಬಿಆರ್-3ರಲ್ಲಿ 175ನೆಯ ಸ್ಥಾನದ ವಿಕೃತಿಯಿದೆ. ಎಂಡಿಎಂ2ರ ಹಿಡಿತ ಬಿಡಿಸುವ ನಟ್ಲಿನ್-3 ಕೊಟ್ಟಾಗ ಎಂಸಿಎಫ್-7ರಲ್ಲಿ ಪಟ್ಟಿ ಗಾಢವಾಗಬೇಕು, ಎಚ್1299ರಲ್ಲಿ ಏನೂ ಕಾಣಬಾರದು. ಸರಿಯಾದ ತೂಕದಲ್ಲಿ ಪಟ್ಟಿ ಬಂದರೆ ಸಾಲದೇ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಸಾಲದು. 53ರ ಹತ್ತಿರ ತೂಗುವ ಪ್ರೋಟೀನುಗಳು ಕೋಶದಲ್ಲಿ ಎಷ್ಟೋ ಇವೆ. ಅದಲ್ಲದೆ ಬ್ಲಾಟ್‌ನಲ್ಲಿ ಪಾಸಾದ ಪ್ರತಿಕಾಯ ಫಾರ್ಮಲಿನ್ ಅಂಗಾಂಶದಲ್ಲಿ ಸೋಲಬಹುದು, ಏಕೆಂದರೆ ಎಪಿಟೋಪಿನ ಸ್ಥಿತಿ ಎರಡು ಕಡೆ ಎರಡು ತೆರ. ಪುನಸ್ಸಂಯೋಜಿತ ತಯಾರಿಯಿಂದ ಸಮಸ್ಯೆ ಮುಗಿಯಿತು ಎಂಬ ವಾದವೂ ಪೂರ್ತಿ ನಿಲ್ಲದು. ಒಂದು ತಯಾರಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುವ ತೊಂದರೆ ಅದರಿಂದ ನೀಗುತ್ತದೆ. ಡಿಒ-1ರ ಬರಹವನ್ನು ಎಷ್ಟೇ ಶುದ್ಧವಾಗಿ ಮರುತಯಾರಿಸಿದರೂ ಡೆಲ್ಟಾ133 ಅದಕ್ಕೆ ಕಾಣದು. ಪಿ53 ಇಲ್ಲದ ಕೋಶವೆಂಬ ಮಾತನ್ನೂ ತಡೆದು ಒಪ್ಪಬೇಕು. ಜೀನಿನ ಆರಂಭವನ್ನಷ್ಟೇ ಅಳಿಸಿದ ಕೋಶದಲ್ಲಿ ಮೊಟಕು ಪಿ53 ಉಳಿದಿರಲು ಸಾಧ್ಯ, ಆರಂಭಭಾಗದ ಪ್ರತಿಕಾಯಕ್ಕೆ ಅದು ಇಲ್ಲವೆಂದೇ ತೋರುತ್ತದೆ.

ಇಂದಿನ ಸ್ಥಿತಿ

ಪ್ರತಿಕಾಯಗಳಿಗೆ ಆರ್‌ಆರ್‌ಐಡಿ ಎಂಬ ಗುರುತು ಸಂಖ್ಯೆ ನಮೂದಿಸುವ ಪದ್ಧತಿ 2014ರಿಂದ ಹಬ್ಬಿದೆ. ಆದರೂ ‘ಪಿ53 ಪ್ರತಿಕಾಯ ಬಳಸಲಾಯಿತು’ ಎಂದಷ್ಟೇ ಬರೆದು ಮುಗಿಸುವ ಲೇಖನಗಳು ನಿಂತಿಲ್ಲ. ಕ್ಲೋನ್, ವಿಧಾನ, ಹೋಲಿಕೆಗೆ ಬಳಸಿದ ಕೋಶ ಈ ಮೂರೂ ಇಲ್ಲದ ವರದಿಯನ್ನು ಪುರಾವೆಯಾಗಿ ಎಣಿಸುವುದು ಕಷ್ಟ. ವಿಕೃತ ಪಿ53ನ್ನು ಮತ್ತೆ ಸರಿಯಾಗಿ ಮಡಚಿಸುವ ಔಷಧಗಳ ಹುಡುಕಾಟದಲ್ಲಿ ಪಿಎಬಿ1620 ಮತ್ತು ಪಿಎಬಿ240 ಹೊಸ ಕೆಲಸ ಪಡೆದಿವೆ. ಔಷಧ ಕೊಟ್ಟ ಮೇಲೆ ಮೊದಲನೆಯದರ ಎಪಿಟೋಪ್ ಮರಳಿ, ಎರಡನೆಯದರದು ಮರೆಯಾದರೆ ಮಡಿಕೆ ಸುಧಾರಿಸಿದೆ ಎಂದು ತಿಳಿಯುತ್ತಾರೆ. ಅಂಥ ಸುಧಾರಣೆ ರೋಗಿಯ ಗುಣವಲ್ಲ. ಈ ವರ್ಗದ ಎಪ್ರೆನೆಟಾಪಾಪ್ಟ್, ಮಜ್ಜೆಯ ರೋಗವೊಂದರ ಮೂರನೆಯ ಹಂತದ ಪರೀಕ್ಷೆಯಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. 2021ರಲ್ಲಿ ವೋಗಲ್‌ಸ್ಟೈನ್ ಅವರ ಬಳಗ, 175ರ ವಿಕೃತಿಯಿರುವ ಪಿ53 ತುಣುಕನ್ನು ಕೋಶದ ಹೊರಮೈಯ ಎಚ್‌ಎಲ್‌ಎ ಅಣುವಿನ ಮೇಲೆ ಗುರುತಿಸಿ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳನ್ನು ಕರೆತರುವ ಇಬ್ಬಗೆಯ ಪ್ರತಿಕಾಯವನ್ನು ವರದಿ ಮಾಡಿತು. ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸವನ್ನು ಗುರುತಿಸುವ ಇಂಥ ಪ್ರತಿಕಾಯ ಪತ್ತೆಯ ಸಾಧನದ ಗಡಿಯನ್ನು ದಾಟಿ ಚಿಕಿತ್ಸೆಯ ಕಡೆಗೆ ಕಾಲಿಟ್ಟಿದೆ. 220ನೆಯ ಸ್ಥಾನದಲ್ಲಿ ಟೈರೊಸೀನ್ ಹೋಗಿ ಸಿಸ್ಟೀನ್ ಬಂದಾಗ ಉಂಟಾಗುವ ಬಿರುಕಿಗೆ ಕೂರುವ ರೆಜಟಾಪಾಪ್ಟ್ ಎಂಬ ಔಷಧದ ಪರೀಕ್ಷೆ ರೋಗಿಗಳಲ್ಲಿ ನಡೆದಿದೆ. ಆ ಔಷಧಕ್ಕೆ ಯಾರು ಅರ್ಹರು ಎಂಬುದನ್ನು ಡಿಒ-7 ಬಣ್ಣದಿಂದ ತೀರ್ಮಾನಿಸಲಾಗದು, ಅದಕ್ಕೆ ಟಿಪಿ53 ಜೀನಿನ ಬರಹವನ್ನೇ ಓದಬೇಕು.